ಪಾಲಯ್ಯ ಮೇಷ್ಟ್ರು ಹೋದ ಮೇಲಿನ ಫುಟ್‌ಬಾಲ್

ನಮ್ಮ ಬೀದಿಯ ಕಟಿಂಗ್ ಶಾಪಿಗೆ ಹೋದ ತಿಂಗಳು ಹೊಸಬರೊಬ್ಬರು ಬಂದಿದ್ದಾರೆ. ಹಳೆಯ ನಂಜುಂಡಪ್ಪನವರಿಗೆ ಕೈ ನಡುಗಲು ಶುರುವಾಗಿ, ಅಂಗಡಿ ಬಿಟ್ಟುಕೊಟ್ಟು ಮಗಳ ಊರಿಗೆ ಹೋದರು. ಹೊಸಬರು ಕತ್ತರಿ ಹಿಡಿದ ಕೂಡಲೇ ನಾನು, "ನಂಜುಂಡಪ್ಪನವರು ಬಲಗಡೆಯಿಂದ ಶುರು ಮಾಡೋರು" ಎಂದೆ. ಪಾಪ, ಅವರು ಬಲಗಡೆಗೆ ಬಂದರು. "ನೀರು ಇಷ್ಟು ತಣ್ಣಗಿರ್ತಿರಲಿಲ್ಲ" ಎಂದೆ. ನೀರು ಬದಲಾಯಿಸಿದರು. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ತಲೆಯಲ್ಲಿ ಕತ್ತರಿಸಲು ಉಳಿದಿರುವುದು ಕಿವಿಯ ಮೇಲಿನ ಎರಡು ಪಟ್ಟಿ ಮಾತ್ರ. ಅದಕ್ಕೆ ಎಡವೇನು, ಬಲವೇನು! ಆದರೂ ಮನೆಗೆ ಬಂದು ಹೆಂಡತಿಯ ಹತ್ತಿರ, ಹಳೆಯ ಕೈಗುಣ ಇವರಿಗೆ ಬರುವುದಿಲ್ಲ ಎಂದು ದೂರು ಹೇಳಿದೆ.

ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ, "ನಂಜುಂಡಪ್ಪ ಇದ್ದಾಗ ಅವರ್‍ನೂ ಹಿಂಗೇ ಬೈಕಂಡು ಬರ್ತಿದ್ರಿ. ನಿಮ್ ಬಾಯಾಗೆ ಯಾರಾದ್ರೂ ದ್ಯಾವ್ರಾಗ್ಬೇಕು ಅಂದ್ರೆ ಊರು ಬಿಟ್ಟು ಹೋಗ್ಬೇಕು" ಎಂದಳು.

ಮಾತು ನೆಟ್ಟಗೆ ಬಂದು ತಾಗಿತು. ಹೋದವರನ್ನು ಅಳತೆಗೋಲು ಮಾಡಿಕೊಂಡು ಬಂದವರನ್ನು ಅಳೆಯುವುದು ನನ್ನ ಹಳೆಯ ಚಾಳಿ. ಆಫೀಸಿನಲ್ಲಿ ಹೊಸ ಮೇಲಧಿಕಾರಿ ಬಂದಾಗಲೂ ಅಷ್ಟೆ, ಓಣಿಗೆ ಹೊಸ ಹಾಲಿನವಳು ಬಂದಾಗಲೂ ಅಷ್ಟೆ. ಈ ಚಾಳಿ ಎಲ್ಲಿಂದ ಅಂಟಿತು ಎಂದು ಯೋಚಿಸುತ್ತ ಕುಳಿತರೆ, ಮನಸ್ಸು ಬೇರೆಲ್ಲೂ ಹೋಗದೆ ಚಿತ್ರದುರ್ಗದ ನಮ್ಮ ಕಾಲೇಜಿನ ಮೈದಾನಕ್ಕೆ ಹೋಗಿ ನಿಂತಿತು.

ಎಪ್ಪತ್ತರ ದಶಕದ ನಡುಭಾಗದ ಮಾತು. ನಾನು ಹೊಳಲ್ಕೆರೆ ತಾಲ್ಲೂಕಿನ ಬಿ. ದುರ್ಗದವನು. ನಮ್ಮೂರಿನಲ್ಲಿ ಚೆಂಡು ಎಂದರೆ ಹಳೇ ಸೀರೆಯ ಚೂರುಗಳನ್ನು ಸುತ್ತಿ, ಮೇಲೆ ಪುಂಡಿ ನಾರಿನ ಹುರಿ ಬಿಗಿದದ್ದು. ಮಳೆಗೆ ನೆನೆದರೆ ಅದು ಕಲ್ಲಾಗುತ್ತಿತ್ತು. ಒದ್ದವನು ಕಾಲು ಹಿಡಿದುಕೊಂಡು ಕೂತರೆ ಗೋಲು ಆಯಿತೆಂದೇ ಲೆಕ್ಕ. ಅಂಥ ಊರಿನಿಂದ ಡಿಗ್ರಿ ಓದಲು ಚಿತ್ರದುರ್ಗಕ್ಕೆ ಬಂದು ಹಾಸ್ಟೆಲ್ ಸೇರಿದವನಿಗೆ, ಚರ್ಮದ ಹೊಟ್ಟೆಯೊಳಗೆ ರಬ್ಬರಿನ ಬ್ಲ್ಯಾಡರ್ ಇರುವ ನಿಜವಾದ ಫುಟ್‌ಬಾಲ್ ಕಂಡಾಗ, ಅದನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಮೂಸುವುದೇ ಹೆಚ್ಚು ಸುಖ ಎನ್ನಿಸಿತ್ತು.

ಆಗ ನಮ್ಮ ಕಾಲೇಜಿನ ಫುಟ್‌ಬಾಲ್ ಎಂದರೆ ಪಾಲಯ್ಯ ಮೇಷ್ಟ್ರು. ಕಾಗದದ ಮೇಲೆ ಅವರು ಫಿಸಿಕಲ್ ಡೈರೆಕ್ಟರ್. ಆದರೆ ಹಿಂದೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ಹಾಗಾಗಿ ಊರಿಗೆಲ್ಲ ಮೇಷ್ಟ್ರೇ. ಕುಳ್ಳನೆಯ ಗಟ್ಟಿ ಆಳು. ಖಾಕಿ ಚಡ್ಡಿ, ಬಿಳಿ ಬನಿಯನ್ನು, ಕುತ್ತಿಗೆಯಲ್ಲಿ ಸೀಟಿ. ಆ ಸೀಟಿಯನ್ನು ಅವರು ಊದಿದ್ದನ್ನು ಕಂಡವರು ಕಡಿಮೆ, ಏಕೆಂದರೆ ಗಂಟಲೇ ಸಾಕಾಗಿತ್ತು. ಅವರು ಮೈದಾನದಲ್ಲಿ "ಲೇ, ಎಡಕ್ಕೆ" ಎಂದರೆ ಪಕ್ಕದ ರಸ್ತೆಯ ಎತ್ತಿನ ಗಾಡಿ ಎಡಕ್ಕೆ ತಿರುಗುತ್ತಿತ್ತು ಎಂದು ನಾವು ಹಾಸ್ಟೆಲಿನಲ್ಲಿ ಹೇಳಿಕೊಂಡು ನಗುತ್ತಿದ್ದೆವು. ಅವರ ಕಾಲದಲ್ಲಿ ಕಾಲೇಜುಗಳ ನಡುವಿನ ಪಂದ್ಯಗಳಲ್ಲಿ ಗೆದ್ದ ಕಪ್, ಪ್ರಿನ್ಸಿಪಾಲರ ಕೋಣೆಯ ಗಾಜಿನ ಬೀರು ಬಿಟ್ಟು ಬೇರೆ ಊರು ಕಂಡದ್ದು ಅಪರೂಪ. ಆ ವರ್ಷಗಳಲ್ಲಿ ದಾವಣಗೆರೆಯವರು ಚಿತ್ರದುರ್ಗಕ್ಕೆ ಬಂದರೆ ಬೆಣ್ಣೆದೋಸೆ ಬಿಟ್ಟು ಉಳಿದೆಲ್ಲದರಲ್ಲೂ ಸೋತು ಹೋಗುತ್ತಿದ್ದರು.

ನಾನೂ ಒಂದು ಸಂಜೆ ತಂಡಕ್ಕೆ ಸೇರಲು ಹೋದೆ. ಮೇಷ್ಟ್ರು ಚೆಂಡು ಎಸೆದರು. ನಾನು ಕಾಲು ಎತ್ತಿದೆ, ಚೆಂಡು ಮುಖಕ್ಕೆ ಬಂತು. ಮೂಗು ಒರೆಸಿಕೊಳ್ಳುತ್ತ ನಾನು ಕೂಗಿದ ಕೂಗು ಕೇಳಿ ಅವರು ಸ್ವಲ್ಪ ಹೊತ್ತು ಯೋಚಿಸಿ, "ಬಿ. ದುರ್ಗದೋನೆ, ಕಾಲು ನಿಂದಲ್ಲ ಬಿಡು. ಗಂಟ್ಲು ಚೆನ್ನಾಗೈತೆ. ಗೆರೆ ಆಚೆ ನಿಂತ್ಕಂಡು ಕೂಗು" ಎಂದರು. ಅಂದಿನಿಂದ ನಾನು ಅಧಿಕೃತ ಅಭಿಮಾನಿಯಾದೆ. ನನ್ನ ಜೊತೆಗಾರ ರಹಮತ್. ಅವನ ಅಪ್ಪನದು ಊರಿನೊಳಗೆ ಸೈಕಲ್ ಶಾಪು. ಚೆಂಡಿನ ಗಾಳಿ ಇಳಿದರೆ ಪಂಪು ತಂದು ತುಂಬುವುದು ರಹಮತ್‌ನ ಕೆಲಸವಾದ್ದರಿಂದ, ಅವನಿಗೆ ಗೆರೆಯ ಪಕ್ಕದಲ್ಲೇ ನಿಲ್ಲುವ ಹಕ್ಕಿತ್ತು. ನಮಗೆಲ್ಲ ಅವನ ಮೇಲೆ ಹೊಟ್ಟೆಕಿಚ್ಚು.

ತಂಡದಲ್ಲಿ ಹನ್ನೊಂದು ಜನರಿದ್ದರೂ ಊರಿಗೆ ಬೇಕಾದವನು ಒಬ್ಬ. ಗೋಲು ಕಾಯುವ ಗೋಲಿ ಸಿದ್ದಪ್ಪ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನವನು, ಕುರಿ ಸಾಕುವವರ ಮಗ. ಉದ್ದನೆಯ ಹುಡುಗ, ಮಾತು ಕಡಿಮೆ. ಗೋಲಿನ ಮುಂದೆ ಕೈ ಚಾಚಿ ನಿಂತರೆ ಚೆಂಡು ತಾನಾಗಿ ಅವನ ಎದೆಗೆ ಬಂದು ಕೂರುತ್ತಿತ್ತು. "ಕುರಿಮರಿ ಹಿಡಿದ ಕೈಯಪ್ಪ, ಬಿಡ್ತದಾ" ಎಂದು ಹೋಟೆಲಿನವರು ಹೇಳುತ್ತಿದ್ದರು. ಅವನನ್ನು ಗೋಲಿಗೆ ನಿಲ್ಲಿಸಿದವರು ಪಾಲಯ್ಯ ಮೇಷ್ಟ್ರು. ಆದ್ದರಿಂದ ಅವನು ಅಲ್ಲಿ ನಿಲ್ಲುವುದು ಕೋಟೆಯ ಬುರುಜು ಬೆಟ್ಟದ ಮೇಲೆ ನಿಂತಷ್ಟೇ ಸಹಜ ಎಂದು ನಾವೆಲ್ಲ ತಿಳಿದಿದ್ದೆವು.

ನಾನು ಎರಡನೇ ವರ್ಷದಲ್ಲಿದ್ದಾಗ ಮೇಷ್ಟ್ರಿಗೆ ವಯಸ್ಸಾಯಿತು ಎಂದು ಸರ್ಕಾರ ಹೇಳಿತು. ನಮಗ್ಯಾರಿಗೂ ಹಾಗೆ ಕಂಡಿರಲಿಲ್ಲ. ಬೀಳ್ಕೊಡುಗೆಯ ಸಭೆಯಲ್ಲಿ ಶಾಲು, ಹಾರ, ಮೂಸಂಬಿಯ ಬುಟ್ಟಿ ಎಲ್ಲ ಆಯಿತು. ಪ್ರಿನ್ಸಿಪಾಲರು ಬಹಳ ಹೊತ್ತು ಮಾತಾಡಿದರು. ಮೇಷ್ಟ್ರು ಎದ್ದು ನಿಂತು, "ಚೆನ್ನಾಗಿ ಆಡ್ರಿ. ಬಿದ್ದಾಗ ಎದ್ದೇಳ್ರಿ" ಎಂದು ಹೇಳಿ ಕೂತುಬಿಟ್ಟರು. ಮಾರನೆಯ ದಿನವೇ ಹಿರಿಯೂರಿನ ತಮ್ಮ ಮನೆಗೆ ಹೊರಟು ಹೋದರು. ಬಸ್ ಸ್ಟ್ಯಾಂಡಿನಲ್ಲಿ ಸಿದ್ದಪ್ಪ ಅವರ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ, ಕೆಳಗಿಳಿಯಲು ಮನಸ್ಸಿಲ್ಲದವನಂತೆ ಅಲ್ಲೇ ಕೂತಿದ್ದ. ಕಂಡಕ್ಟರು ಬೈದ ಮೇಲೆ ಇಳಿದ.

ಅಲ್ಲಿಂದ ಊರಿನಲ್ಲಿ ಎರಡು ಪಂಗಡಗಳಾದವು. ಒಂದು ಪಂಗಡದವರು, "ಮೇಷ್ಟ್ರು ದಾರಿ ಹಾಕ್ಕೊಟ್ಟು ಹೋಗವ್ರೆ. ಈಗ ಯಾರು ಬಂದ್ರೂ ಗೆಲ್ಲೋದೇ ಸೈ" ಎನ್ನುತ್ತಿದ್ದರು. ಇನ್ನೊಂದು ಪಂಗಡದವರು, "ಇನ್ನೆಲ್ಲಿ ಫುಟ್‌ಬಾಲು, ಮುಗೀತು" ಎನ್ನುತ್ತಿದ್ದರು. ಹೋಟೆಲಿನಲ್ಲಿ, ಸೈಕಲ್ ಶಾಪಿನಲ್ಲಿ, ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಇದೇ ಜಗಳ. ಈಗ ಯೋಚಿಸಿದರೆ ಎರಡು ಪಂಗಡಗಳದೂ ಒಂದೇ ಮಾತು. ಗೆದ್ದರೆ ಅದು ಪಾಲಯ್ಯ ಮೇಷ್ಟ್ರ ಗೆಲುವು, ಸೋತರೆ ಹೊಸಬನ ಸೋಲು. ಬರಲಿರುವ ಆ ಮನುಷ್ಯನಿಗೆ ಸ್ವಂತಕ್ಕೆ ಎಂದು ನಾವು ಉಳಿಸಿದ್ದು ಸೋಲನ್ನು ಮಾತ್ರ.

ಬಂದವರು ಜಯಣ್ಣ. ತೆಳ್ಳನೆಯ ಯುವಕ, ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಮೊದಲ ಸಂಜೆ ಅವರು ಆಟಗಾರರನ್ನು ಸುತ್ತ ಕೂರಿಸಿಕೊಂಡು ಮಾತಾಡಿದರು. ಗೆರೆಯಾಚೆ ನಿಂತ ನಮಗೆ ಒಂದಕ್ಷರವೂ ಕೇಳಿಸಲಿಲ್ಲ. ಅದೇ ನಮಗೆ ದೊಡ್ಡ ಅಪರಾಧವಾಗಿ ಕಂಡಿತು. ಪಾಲಯ್ಯ ಮೇಷ್ಟ್ರ ಕಾಲದಲ್ಲಿ ತಂಡದ ಗುಟ್ಟುಗಳೆಲ್ಲ ಊರಿಗೇ ಕೇಳಿಸುತ್ತಿದ್ದವು. ಎದುರಾಳಿಗಳಿಗೂ ಕೇಳಿಸುತ್ತಿದ್ದವು, ಆದರೂ ಗೆಲ್ಲುತ್ತಿದ್ದೆವು.

"ಏನ್ ಹೇಳಿದ್ರೋ?" ಎಂದು ರಹಮತ್‌ನನ್ನು ಕೇಳಿದೆ.

"ನಂಗೂ ಸರಿಯಾಗಿ ಕೇಳಿಸ್ಲಿಲ್ಲ. ಒಬ್ಬೊಬ್ಬರ್‍ನೂ ಹೆಸರು ಕೇಳಿದ್ರು. ಯಾವೂರು ಅಂತ ಕೇಳಿದ್ರು. ರಾತ್ರಿ ಊಟಕ್ಕೆ ಏನ್ ಕೊಡ್ತಾರೆ ಅಂತ ಕೇಳಿದ್ರು."

"ಊಟ ಕೇಳಾಕೆ ಇವರೇನು ಬೀಗ್ರೇನೋ?" ಎಂದೆ. ಸುತ್ತಲಿದ್ದವರು ನಕ್ಕರು. ನನ್ನ ಗಂಟಲಿಗೆ ಹೊಸ ಕೆಲಸ ಸಿಕ್ಕಿತು.

ಆ ದಿನಗಳಲ್ಲಿ ನಮ್ಮ ಮೈದಾನಕ್ಕೆ ಸರಿಯಾದ ಕಾಂಪೌಂಡ್ ಇರಲಿಲ್ಲ. ಸಂಜೆ ಗುಡ್ಡದ ಕಡೆಯಿಂದ ಇಳಿಯುವ ಕುರಿಮಂದೆಗಳು ಹತ್ತಿರದ ದಾರಿ ಎಂದು ನಡುವೆಯೇ ಹಾದು ಹೋಗುತ್ತಿದ್ದವು. ಆಟ ನಿಲ್ಲುತ್ತಿತ್ತು, ಧೂಳು ಏಳುತ್ತಿತ್ತು, ಮಂದೆ ಹೋದ ಮೇಲೆ ಹಿಕ್ಕೆ ತುಳಿದುಕೊಂಡು ಮತ್ತೆ ಆಟ. ಜಯಣ್ಣ ಬಂದು ಕೆಲವು ವಾರಗಳಾಗಿರಬೇಕು. ಒಂದು ಸಂಜೆ ಯಾವುದೋ ನಾಯಿ ಅಟ್ಟಿಸಿಕೊಂಡು ಬಂದು ಮಂದೆ ಚೆಲ್ಲಾಪಿಲ್ಲಿಯಾಯಿತು. ಕಾಯುತ್ತಿದ್ದ ಮುದುಕಿ ಒಬ್ಬಳೇ ಏನೂ ಮಾಡಲಾರದೆ ನಿಂತಳು. ಸಿದ್ದಪ್ಪ ಗೋಲು ಬಿಟ್ಟು ಓಡಿದ. ಬಾಯಲ್ಲಿ ಒಂದು ಥರದ ಸಿಳ್ಳೆ. ಎಡಕ್ಕೆ ಒಡೆದ ಕುರಿಗಳಿಗೆ ಮುಂದಿನಿಂದ ಹೋಗಿ ಅಡ್ಡ ನಿಂತ. ಅಲ್ಲಿಂದ ಗರಕ್ಕನೆ ತಿರುಗಿ ಬಲಕ್ಕೆ ಹೋದವುಗಳನ್ನು ಹಿಂದಿನಿಂದ ಸುತ್ತು ಹಾಕಿ ತಂದ. ಒಂದು ಟಗರು ಹಾರಿ ತಪ್ಪಿಸಿಕೊಳ್ಳಲು ನೋಡಿದಾಗ, ಅದು ಕದಲಿದ ಮೇಲೆ ಹೊರಟು, ಅದಕ್ಕಿಂತ ಮೊದಲೇ ಅದು ಬರುವ ಜಾಗದಲ್ಲಿದ್ದ. ಮಂದೆ ಒಟ್ಟಾಗಿ ರಸ್ತೆಗೆ ಬಿತ್ತು. ಸಿದ್ದಪ್ಪ ಏದುಸಿರು ಕೂಡ ಇಲ್ಲದೆ ವಾಪಸು ಬಂದು ಗೋಲಿನಲ್ಲಿ ನಿಂತ.

ನಾವು ಚಪ್ಪಾಳೆ ತಟ್ಟಿ ನಕ್ಕೆವು. ಜಯಣ್ಣ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಸಿದ್ದಪ್ಪನನ್ನೇ ನೋಡುತ್ತ ನಿಂತರು. ಮಾರನೆಯ ಸಂಜೆ ಹೋಗಿ ನೋಡಿದರೆ ಗೋಲಿನಲ್ಲಿ ಹೊಳಲ್ಕೆರೆಯ ಚನ್ನಬಸಪ್ಪ ಎಂಬ ಇನ್ನೊಬ್ಬ ನಿಂತಿದ್ದ. ಸಿದ್ದಪ್ಪ ಮುಂದಿನ ಸಾಲಿನಲ್ಲಿ, ಎದುರಾಳಿಯ ಗೋಲಿನ ಕಡೆಗೆ ಓಡುವವರ ಜೊತೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಪೇಚಾಡುತ್ತಿದ್ದ.

ಊರು ಹೊತ್ತಿಕೊಂಡಿತು ಎಂದರೆ ಹೆಚ್ಚಾಗಲಾರದು. ಹೋಟೆಲಿನವರು ಇಡ್ಲಿ ಕೊಡುವುದು ಬಿಟ್ಟು ಇದನ್ನೇ ಮಾತಾಡಿದರು. ಪಾಲಯ್ಯ ಮೇಷ್ಟ್ರು ನಿಲ್ಲಿಸಿದವನನ್ನು ಕದಲಿಸುವುದೆಂದರೆ ಏನು? ಸಿದ್ದಪ್ಪನೇ ಬೇಸರಗೊಂಡಿದ್ದಾನೆ, ರಾತ್ರಿ ಊಟ ಬಿಟ್ಟಿದ್ದಾನೆ ಎಂದೂ ಸುದ್ದಿಯಾಯಿತು. ಹಾಸ್ಟೆಲಿನಲ್ಲಿ ಅವನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದ ನನಗೆ ಅವನು ಮುದ್ದೆ ಮುರಿಯುತ್ತಿದ್ದುದು ಕಾಣುತ್ತಿತ್ತು. ಆದರೂ ಸುದ್ದಿಯನ್ನೇ ನಂಬಿದೆ.

"ಬೇಜಾರೇನೋ ಸಿದ್ದಪ್ಪ?" ಎಂದು ಕೇಳಿದೆ.

"ಗೊತ್ತಾಗ್ತಿಲ್ಲ ಕಣೋ. ಅಲ್ಲಿ ನಿಂತಾಗ ಹೆದ್ರಿಕೆ ಇರ್ತಿರ್ಲಿಲ್ಲ. ಈಗ ಹೆದ್ರಿಕೆ ಆಗ್ತೈತೆ. ಆದ್ರೆ ಓಡಾಕೆ ಚೆನ್ನಾಗೈತೆ" ಎಂದ.

ಅವನ ಮಾತಿನ ಮೊದಲರ್ಧವನ್ನು ಮಾತ್ರ ನಾನು ಹೋಟೆಲಿಗೆ ತಲುಪಿಸಿದೆ. ಆ ವಾರ ಮತ್ತೋಡಿನಿಂದ ಸಿದ್ದಪ್ಪನ ಅಪ್ಪ ಮಗನನ್ನು ನೋಡಲು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು. ಅವರನ್ನಾದರೂ ನಮ್ಮ ಪಂಗಡಕ್ಕೆ ಸೇರಿಸಿಕೊಳ್ಳೋಣ ಎಂದು ಎಲ್ಲವನ್ನೂ ವಿವರಿಸಿದೆ. ಅವರು ಎಲೆಯಡಿಕೆ ಜಗಿಯುತ್ತ ಕೇಳಿ, "ನಿಂತ್ಕಂಡಿರೋದು ಬಿಟ್ಟು ಓಡು ಅಂದವ್ರಾ? ಒಳ್ಳೇದೇ ಆತಲ್ಲಪ್ಪ. ನಮ್ಮೋರಿಗೆ ಒಂದ್ ಕಡೆ ನಿಂತು ಗೊತ್ತಿಲ್ಲ" ಎಂದರು. ಅವರಿಗೆ ಫುಟ್‌ಬಾಲ್ ಅರ್ಥವಾಗುವುದಿಲ್ಲ ಎಂದು ನಾನು ತೀರ್ಮಾನಿಸಿದೆ.

ದಾವಣಗೆರೆಯವರ ಜೊತೆ ಪಂದ್ಯ ಹತ್ತಿರ ಬರುತ್ತಿತ್ತು. ನಾನೂ ರಹಮತ್ತೂ ಒಂದು ಭಾನುವಾರ ಹಿರಿಯೂರಿಗೆ ಬಸ್ ಹತ್ತಿದೆವು. ಪಾಲಯ್ಯ ಮೇಷ್ಟ್ರನ್ನು ಕಂಡು, ಬಂದು ಒಂದು ಮಾತು ಹೇಳಿ ಸಿದ್ದಪ್ಪನನ್ನು ಗೋಲಿಗೆ ನಿಲ್ಲಿಸಿ ಎಂದು ಕೇಳಿಕೊಳ್ಳುವುದು ನಮ್ಮ ರಾಯಭಾರ. ದಾರಿಯುದ್ದಕ್ಕೂ ನಾನು ಮಾತುಗಳನ್ನು ಜೋಡಿಸಿಕೊಂಡೆ. ರಹಮತ್ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದ.

ಮೇಷ್ಟ್ರ ಮನೆ ವೇದಾವತಿ ಹೊಳೆಯ ಕಡೆಗೆ ಹೋಗುವ ಬೀದಿಯಲ್ಲಿತ್ತು. ಜಗಲಿಯ ಮೇಲೆ ಅವರೂ ಅವರ ಹೆಂಡತಿ ಗೌರಮ್ಮನವರೂ ಸೊಗಡು ಅವರೆಕಾಯಿಯ ರಾಶಿ ಹಾಕಿಕೊಂಡು ಸುಲಿಯುತ್ತಿದ್ದರು. ಚಡ್ಡಿ ಬಿಟ್ಟು ಪಂಚೆಯಲ್ಲಿ ಮೇಷ್ಟ್ರನ್ನು ಕಂಡದ್ದು ಅದೇ ಮೊದಲು. ಬೇರೆ ಯಾರೋ ಎನ್ನಿಸಿತು.

"ಬರ್ರಪ್ಪ, ಕುಂತ್ಕಳ್ರಿ. ಕೈ ಖಾಲಿ ಯಾಕೆ ಇಟ್ಕಂತೀರಿ" ಎಂದು ಗೌರಮ್ಮ ನಮ್ಮಿಬ್ಬರ ಮುಂದೂ ಒಂದೊಂದು ಗುಡ್ಡೆ ಅವರೆಕಾಯಿ ಸುರಿದರು. ಹೀಗೆ ಊರಿನ ಮಾನದ ಪ್ರಶ್ನೆ ಹೊತ್ತು ಹೋದ ರಾಯಭಾರಿಗಳು ಅವರೆಕಾಯಿ ಸುಲಿಯುತ್ತ ಮಾತು ಆರಂಭಿಸಬೇಕಾಯಿತು. ಬೆರಳಿಗೆ ಸೊಗಡು ಅಂಟಿತು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ.

ಕೊನೆಗೆ ಹೇಗೋ ಹೇಳಿದೆ. "ಸಿದ್ದಪ್ಪನ್ನ ಗೋಲಿಂದ ತೆಗೆದವ್ರೆ ಮೇಷ್ಟ್ರೆ."

ಮೇಷ್ಟ್ರ ಕೈ ನಿಂತಿತು. "ಎಲ್ಲಿ ಹಾಕವ್ರೆ?"

"ಮುಂದಕ್ಕೆ. ಫಾರ್ವರ್ಡು."

ಅವರು ಸಿಡಿಯುತ್ತಾರೆ ಎಂದು ನಾನು ಕಾದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಕಾಳುಗಳನ್ನು ಮೊರಕ್ಕೆ ಹಾಕಿ, ಹೆಂಡತಿಯ ಕಡೆಗೆ ತಿರುಗಿ, "ಕೇಳಿದೆಯಾ? ಮಾಡೇಬಿಟ್ಟವ್ರೆ" ಎಂದರು. ಗೌರಮ್ಮ ತಲೆಯಾಡಿಸಿದರು. ಈ ಮಾತು ಆ ಮನೆಯಲ್ಲಿ ಹಿಂದೆಯೂ ಬಂದಿದೆ ಎಂಬುದು ನಮಗೆ ಆಗ ಹೊಳೆಯಿತು.

"ಆ ಹುಡುಗ ಬಂದ ಮೊದಲ್ನೇ ವರ್ಷಾನೇ ನಂಗೆ ಗೊತ್ತಾಗಿತ್ತು ಕಣ್ರಲೇ, ಅವನ ಜೀವ ಕಾಲಾಗೈತೆ ಅಂತ. ಅವತ್ತು ಗೋಲಿಗೆ ಆಳಿರ್ಲಿಲ್ಲ, ನಿಲ್ಲಿಸ್ದೆ. ಆ ವರ್ಷ ಗೆದ್ವಿ. ಮುಂದಿನ ವರ್ಷ ತೆಗೀಬೇಕು ಅಂದ್ಕಂಡೆ. ಹೋಟ್ಲಿಗೆ ಹೋದ್ರೆ ಸಿದ್ದಪ್ಪ, ಕಟಿಂಗ್ ಮಾಡಿಸ್ಕಳಾಕೆ ಹೋದ್ರೆ ಸಿದ್ದಪ್ಪ. ಗೋಲಿ ಸಿದ್ದಪ್ಪ ಅಂತ ಹೆಸರೇ ಇಟ್ಬಿಟ್ರಿ. ತೆಗೆದು, ಒಂದ್ ಮ್ಯಾಚ್ ಸೋತಿದ್ರೆ ನೀವು ಬಿಡ್ತಿದ್ರೇನು?"

ನಾನು ಇನ್ನೊಂದು ಕಾಯಿ ಕೈಗೆತ್ತಿಕೊಂಡೆ. ರಹಮತ್, "ಬಿಡ್ತಿರ್ಲಿಲ್ಲ ಸಾರ್" ಎಂದು ಪ್ರಾಮಾಣಿಕವಾಗಿ ಹೇಳಿದ.

"ಗೆದ್ದು ಗೆದ್ದು ನಂಗೆ ಸೋಲಾಕೆ ಧೈರ್ಯನೇ ಇಲ್ದಂಗಾಗಿತ್ತು. ಆ ಹೊಸಬರಿಗೆ ಐತೆ. ಬಿಡ್ರಿ ಅವರ್‍ನ" ಎಂದರು ಮೇಷ್ಟ್ರು.

ಪಂದ್ಯಕ್ಕಾದರೂ ಬನ್ನಿ ಎಂದು ಕರೆದೆವು. "ಬರಾಕಿಲ್ಲ. ನಾನು ಬಂದ್ರೆ ನೀವು ಚೆಂಡು ನೋಡಲ್ಲ, ನನ್ ಮಕ ನೋಡ್ತೀರಿ" ಎಂದು ಒಳಗೆ ಹೋದರು. ಗೌರಮ್ಮ ಮಧ್ಯಾಹ್ನಕ್ಕೆ ಅದೇ ಅವರೆಕಾಳಿನ ಸಾರು, ರಾಗಿಮುದ್ದೆ ಬಡಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಒಂದೇ ಯೋಚನೆ. ಊರಿಗೆ ಬಂದು ಏನು ಹೇಳುವುದು? ಮೇಷ್ಟ್ರು ಹೇಳಿದ್ದನ್ನು ಹೋಟೆಲಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. "ದೊಡ್ಡ ಮನುಷ್ಯ, ಬಿಟ್ಟುಕೊಡಲ್ಲ. ಒಳಗೆ ಎಷ್ಟು ನೊಂದವ್ರೋ" ಎಂದರು.

ಪಂದ್ಯದ ದಿನ ಮೈದಾನದ ಸುತ್ತ ಜನವೋ ಜನ. ಕೋರ್ಟಿನವರು, ಮಂಡಿಯವರು, ಸಿನಿಮಾ ಟಾಕೀಸಿನವರು, ರಾಮಗಿರಿಯಿಂದ ರೈಲು ಬದಲಿಸಿ ಬಂದವರು. ಅವರಲ್ಲಿ ಅರ್ಧ ಜನ ಗೆಲುವು ನೋಡಲು ಬಂದಿದ್ದರು. ಉಳಿದವರು, ಹೇಳಲು ಬೇಸರ, ತಾವು ಹೇಳಿದ್ದು ನಿಜವಾಗುವುದನ್ನು ನೋಡಲು ಬಂದಿದ್ದರು.

ಸಿದ್ದಪ್ಪನಿಗೆ ಓಡಲು ಬರುತ್ತಿತ್ತು, ಯಾವಾಗ ಓಡಬಾರದು ಎನ್ನುವುದು ಇನ್ನೂ ಬಂದಿರಲಿಲ್ಲ. ಚೆಂಡು ಬರುವ ಮೊದಲೇ ಎದುರಾಳಿಗಳನ್ನು ದಾಟಿ ಹೋಗಿ ನಿಲ್ಲುತ್ತಿದ್ದ. ಹಾಗೆ ನಿಲ್ಲುವುದು ನಿಯಮಕ್ಕೆ ವಿರುದ್ಧ, ರೆಫರಿ ಸೀಟಿ ಊದಿ ಆಫ್‌ಸೈಡ್ ಎನ್ನುತ್ತಿದ್ದರು. ಮತ್ತೆ ಓಡುತ್ತಿದ್ದ, ಮತ್ತೆ ಸೀಟಿ. ಜನ ಮೊದಲು ನಕ್ಕರು, ಆಮೇಲೆ ಗೊಣಗಿದರು. ಅಷ್ಟರಲ್ಲಿ ದಾವಣಗೆರೆಯವನೊಬ್ಬ ದೂರದಿಂದ ಒದ್ದ ಮೆತ್ತನೆಯ ಚೆಂಡು ಚನ್ನಬಸಪ್ಪನ ಕಾಲುಗಳ ನಡುವೆ ಉರುಳಿಕೊಂಡು ಗೋಲಿನೊಳಗೆ ಹೋಯಿತು. ಸಿದ್ದಪ್ಪ ಅಲ್ಲಿದ್ದಿದ್ದರೆ ಅದನ್ನು ಕಣ್ಣು ಮುಚ್ಚಿ ಹಿಡಿಯುತ್ತಿದ್ದ. ಆಮೇಲೆ ಯಾರೋ ಒಬ್ಬರು "ಪಾಲಯ್ಯ" ಎಂದು ಕೂಗಿದರು. ಇನ್ನೊಬ್ಬರು ಸೇರಿದರು. ಚಪ್ಪಾಳೆಯ ಲಯಕ್ಕೆ ಎಲ್ಲರೂ, "ಪಾಲಯ್ಯ, ಪಾಲಯ್ಯ." ನನ್ನ ಗಂಟಲೂ ಆ ಗುಂಪಿನಲ್ಲಿ ಇದ್ದೇ ಇತ್ತು. ಗೆರೆಯ ಪಕ್ಕ ಜಯಣ್ಣ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಅವರ ಕಿವಿ ಕೆಂಪಾಗಿದ್ದುದು ದೂರಕ್ಕೂ ಕಾಣುತ್ತಿತ್ತು.

ಅರ್ಧ ಆಟ ಮುಗಿಯಿತು. ಕೂಗು ನಿಲ್ಲಲಿಲ್ಲ. ಆಗ ನಮ್ಮ ಹಿಂದೆ, ರಸ್ತೆಯ ಕಡೆಯಿಂದ ಜನ ದಾರಿ ಬಿಡತೊಡಗಿದರು. ತಲೆಗೆ ಟವೆಲು ಸುತ್ತಿಕೊಂಡು, ಪಂಚೆಯುಟ್ಟ ಕುಳ್ಳನೆಯ ಆಳೊಬ್ಬರು ಗುಂಪು ದಾಟಿ, ಗೆರೆ ದಾಟಿ ಮೈದಾನಕ್ಕೆ ಇಳಿದರು. ಟವೆಲು ತೆಗೆದು ಹೆಗಲ ಮೇಲೆ ಹಾಕಿಕೊಂಡಾಗ ಎಲ್ಲರಿಗೂ ಗುರುತು ಸಿಕ್ಕಿತು. ಬರುವುದಿಲ್ಲ ಎಂದವರು ಬಂದು, ಯಾರಿಗೂ ಕಾಣದಂತೆ ಹಿಂದೆ ನಿಂತಿದ್ದರು. ಮೈದಾನ ಒಮ್ಮೆ ಭೋರ್ಗರೆಯಿತು. ಇನ್ನೇನು, ಮೇಷ್ಟ್ರು ಸಿದ್ದಪ್ಪನ ಭುಜ ಹಿಡಿದು ಗೋಲಿಗೆ ಕರೆದುಕೊಂಡು ಹೋಗುತ್ತಾರೆ ಎಂದು ನಾವು ತುದಿಗಾಲಿನಲ್ಲಿ ನಿಂತೆವು.

ಮೇಷ್ಟ್ರು ಆಟಗಾರರ ಹತ್ತಿರ ಹೋಗಲಿಲ್ಲ. ನೇರ ಕಾಲೇಜಿನ ಅಟೆಂಡರ್ ಹತ್ತಿರ ಹೋಗಿ, ಅವನ ಕೈಯಿಂದ ನಿಂಬೆಹಣ್ಣಿನ ಹೋಳುಗಳಿದ್ದ ತಟ್ಟೆಯನ್ನು ಇಸಿದುಕೊಂಡರು. ದಣಿದ ಆಟಗಾರರಿಗೆ ಉಪ್ಪು ಸವರಿದ ಆ ಹೋಳುಗಳನ್ನು ಚೀಪಲು ಕೊಡುವುದು ವಾಡಿಕೆ. ತಟ್ಟೆ ಹಿಡಿದು ಮೊದಲು ಜಯಣ್ಣನ ಮುಂದೆ ಹೋಗಿ ನಿಂತರು. ಎತ್ತಿನ ಗಾಡಿ ತಿರುಗಿಸುವ ಆ ಗಂಟಲಿನಲ್ಲಿ, ಇಡೀ ಮೈದಾನಕ್ಕೆ ಕೇಳುವಂತೆ, "ತಗಳ್ರಿ ಸಾರ್" ಎಂದರು.

ತಮ್ಮ ಮಗನ ವಯಸ್ಸಿನವರನ್ನು ಸಾರ್ ಎಂದರು. ಜಯಣ್ಣ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರು ತಟ್ಟೆಯನ್ನು ಹಾಗೇ ಹಿಡಿದಿದ್ದರು. ಜಯಣ್ಣ ಒಂದು ಹೋಳು ತೆಗೆದುಕೊಂಡರು. ಕೂಗು ಎಲ್ಲಿ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು ಒಬ್ಬೊಬ್ಬ ಆಟಗಾರನ ಮುಂದೂ ತಟ್ಟೆ ಹಿಡಿಯುತ್ತ ಹೋದರು. ಚನ್ನಬಸಪ್ಪ ಅಳುತ್ತಿದ್ದ, ಅವನ ಕೈಗೆ ತಾವೇ ಒಂದು ಹೋಳು ಇಟ್ಟರು. ಸಿದ್ದಪ್ಪನ ಮುಂದೆ ಬಂದಾಗ ನಡೆದ ಮಾತು ನಮಗೆ ಕೇಳಿಸಲಿಲ್ಲ. ಪಂಪು ಹಿಡಿದು ಹತ್ತಿರದಲ್ಲಿದ್ದ ರಹಮತ್ ಆಮೇಲೆ ಹೇಳಿದ.

"ಮೇಷ್ಟ್ರೆ, ನಾನು ಗೋಲಿಗೆ ಹೋಗ್ಲಾ?" ಎಂದು ಸಿದ್ದಪ್ಪ ಕೇಳಿದನಂತೆ.

"ನನ್ನೇನಲೇ ಕೇಳ್ತೀಯ. ನಿಮ್ ಮೇಷ್ಟ್ರು ಅಲ್ಲಿ ಅವ್ರೆ, ಅವರ್‍ನ ಕೇಳು" ಎಂದರಂತೆ.

ಸಿದ್ದಪ್ಪ ಜಯಣ್ಣನ ಕಡೆ ನೋಡಿದ. ಜಯಣ್ಣ ಬೇಡ ಎಂಬಂತೆ ತಲೆಯಾಡಿಸಿ, ಹತ್ತಿರ ಬಂದು ತಮ್ಮ ಮೆಲುದನಿಯಲ್ಲಿ, "ಕುರಿ ತಿರುಗಿಸೋವಾಗ ಅವುಕ್ಕಿಂತ ಮುಂಚೆ ಓಡ್ತೀಯಾ, ಅವುಗಳ ಜೊತೆ ಓಡ್ತೀಯಾ?" ಎಂದು ಕೇಳಿದರಂತೆ. ಸಿದ್ದಪ್ಪ, "ಅವು ಕದಲಾವರ್ಗೂ ಕಾಯ್ತೀನಿ ಸಾರ್" ಎಂದ. "ಹಂಗೇ ಕಾಯಿ" ಎಂದರಂತೆ.

ಎರಡನೆಯ ಅರ್ಧದಲ್ಲಿ ಮೇಷ್ಟ್ರು ಜಯಣ್ಣನ ಹಿಂದೆ, ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಒಂದು ಸಲ ಸಿದ್ದಪ್ಪ ಕಾದ. ಚೆಂಡು ಒದೆಯುವ ನಮ್ಮವನ ಕಾಲು ಎದ್ದ ಮೇಲೆ ಹೊರಟ. ಎದುರಾಳಿಗಳಿಬ್ಬರು ಅವನ ಎಡಬಲಕ್ಕೆ ಉಳಿದುಹೋದರು. ಸೀಟಿ ಕೇಳಿಸಲಿಲ್ಲ. ಅವನು ಚೆಂಡನ್ನು ಗೋಲಿನ ಮೂಲೆಗೆ ತಳ್ಳಿದ. ಗೋಲಿಯಾಗಿದ್ದವನಿಗೆ ಗೋಲಿಗಳ ಕೈ ಎಲ್ಲಿಗೆ ನಿಲುಕುವುದಿಲ್ಲ ಎಂಬುದು ಗೊತ್ತಿತ್ತಲ್ಲ. ಅವತ್ತು ನಾವು ಕೂಗಿದ ಕೂಗಿನಲ್ಲಿ ಯಾರ ಹೆಸರೂ ಇರಲಿಲ್ಲ, ಬರೀ ಕೂಗು.

ಆದರೆ ಪಂದ್ಯ ಸೋತೆವು. ಕೊನೆಯಲ್ಲಿ ದಾವಣಗೆರೆಯವರು ಇನ್ನೊಂದು ಹೊಡೆದರು. ಕಪ್ ಬೀರು ಬಿಟ್ಟು ಹೋಯಿತು. ಜನ ಕರಗಿದರು. ಬೈಯಬೇಕೆಂದು ಬಂದವರೂ ಯಾಕೋ ಬೈಯದೆ ಹೋದರು. ಜಯಣ್ಣ ಮೇಷ್ಟ್ರ ಹತ್ತಿರ ಬಂದು ನಿಂತರು. ಮೇಷ್ಟ್ರು ಏನೋ ಹೇಳಲು ಬಾಯಿ ತೆಗೆದು, ಮುಚ್ಚಿಕೊಂಡರು.

"ಹೇಳಿ ಸಾರ್" ಎಂದರು ಜಯಣ್ಣ.

"ಏನಿಲ್ಲ. ಹಿರಿಯೂರು ಬಸ್ಸು ಇನ್ನೂ ಐತೋ ಇಲ್ವೋ ಅಂತ ಕೇಳಣ ಅಂತಿದ್ದೆ."

ಜಯಣ್ಣ ತಾವೇ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದರು. ನಾವು ಹುಡುಗರು ಹಿಂದೆ. ಇಬ್ಬರೂ ದಾರಿಯಲ್ಲಿ ಫುಟ್‌ಬಾಲಿನ ಸುದ್ದಿ ಎತ್ತಲಿಲ್ಲ. ಹಿರಿಯೂರಿನ ಅವರೆಕಾಯಿಗೂ ನಮ್ಮ ಕಡೆಯ ಅವರೆಕಾಯಿಗೂ ಇರುವ ವ್ಯತ್ಯಾಸ ಮಾತಾಡಿಕೊಂಡು ಹೋದರು.

ಮುಂದಿನ ವರ್ಷವೂ ಕಪ್ ಬರಲಿಲ್ಲ. ಬಂದದ್ದು ನಾನು ಓದು ಮುಗಿಸಿ ಕೆಲಸ ಹಿಡಿದು ಬೇರೆ ಊರು ಸೇರಿದ ಮೇಲೆ. ಸಿದ್ದಪ್ಪ ಆ ಹೊತ್ತಿಗೆ ರೈಲ್ವೆಯಲ್ಲಿ ಕೆಲಸ ಹಿಡಿದು, ಅಲ್ಲಿನ ತಂಡದಲ್ಲಿ ಮುಂದಿನ ಸಾಲಿನಲ್ಲೇ ಆಡುತ್ತಿದ್ದ. ಜಯಣ್ಣ ಬಹಳ ವರ್ಷ ಇದ್ದು ವರ್ಗವಾಗಿ ಹೋದರು. ಆಗೊಮ್ಮೆ ಚಿತ್ರದುರ್ಗಕ್ಕೆ ಹೋದಾಗ ರಹಮತ್‌ನನ್ನು ಅಂಗಡಿಯಲ್ಲಿ ಕಂಡೆ. ಈಗ ಹೇಗಿದೆ ತಂಡ ಎಂದು ಕೇಳಿದೆ. ಅವನು ಟ್ಯೂಬಿಗೆ ಪ್ಯಾಚ್ ಹಾಕುತ್ತ, "ಏನ್ ಹೇಳ್ಲಿ. ಹೊಸಬ್ರು ಬಂದವ್ರೆ, ಬರೀ ಕೂಗಾಡ್ತಾರೆ. ಜಯಣ್ಣನೋರು ಎಷ್ಟು ಮೆತ್ತಗೆ ಹೇಳೋರು" ಎಂದ. ಹೇಳಿದ ಮೇಲೆ ತನಗೇ ಅರಿವಾಗಿ ನನ್ನ ಮುಖ ನೋಡಿದ. ಅವನು ಪ್ಯಾಚನ್ನು ಒತ್ತಿ ಹಿಡಿದುಕೊಂಡ.

ಆದರೆ ನನಗೆ ಹೆಚ್ಚಾಗಿ ನೆನಪಾಗುವುದು ಆ ಸೋತ ಪಂದ್ಯದ ಮುಂದಿನ ವರ್ಷ. ಪಾಲಯ್ಯ ಮೇಷ್ಟ್ರು ಪಂದ್ಯಗಳಿಗೆ ಬರತೊಡಗಿದ್ದರು. ಜಯಣ್ಣ ಕುರ್ಚಿ ಹಾಕಿಸಿದರೂ ಕೂರದೆ, ನಮ್ಮ ಗುಂಪಿನಲ್ಲಿ ನನ್ನ ಪಕ್ಕ ಬಂದು ನಿಲ್ಲುತ್ತಿದ್ದರು. ಯಾರಾದರೂ ಜಯಣ್ಣನ ಬಗ್ಗೆ ಹಗುರ ಮಾತಾಡಿದರೆ ಒಮ್ಮೆ ತಿರುಗಿ ನೋಡುತ್ತಿದ್ದರು, ಅಷ್ಟೇ ಸಾಕಾಗಿತ್ತು. ಉಳಿದಂತೆ ಅವರಷ್ಟು ಕೆಟ್ಟ ಅಭಿಮಾನಿಯನ್ನು ನಾನು ಕಂಡಿಲ್ಲ. ಚೆಂಡು ನಮ್ಮ ಗೋಲಿನ ಕಡೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನ್ನ ತೋಳು ಹಿಡಿದು ಹಿಂಡುತ್ತಿದ್ದರು. ರೆಫರಿಯ ಕಣ್ಣಿನ ಬಗ್ಗೆ ಹೇಳಬಾರದ್ದನ್ನು ಹೇಳುತ್ತಿದ್ದರು. ಮೈದಾನದ ಒಳಗಿದ್ದಷ್ಟು ಕಾಲ ಅವರಿಗೆ ಈ ಸಂಕಟ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಒಂದು ಪಂದ್ಯದಲ್ಲಿ ಸಿದ್ದಪ್ಪ ಎಲ್ಲರನ್ನೂ ದಾಟಿ ಹೋಗಿ, ಎದುರಿಗೆ ಗೋಲಿಯೂ ಇಲ್ಲದ ಖಾಲಿ ಗೋಲಿನ ಮುಂದೆ ನಿಂತು, ಚೆಂಡನ್ನು ಮೇಲಿನ ಕಂಬದ ಆಚೆಗೆ, ರಸ್ತೆಯ ಆಚೆಗೆ ಒದ್ದುಬಿಟ್ಟ. ಮೇಷ್ಟ್ರು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಕ್ಕರಿಸಿದರು.

"ಥೂ. ಅದನ್ನ ನಾನಾಗಿದ್ರೂ ಹೊಡೀತಿದ್ದೆ ಕಣಲೇ" ಎಂದರು.

ನಾನು ನಗಬಾರದೆಂದು ತುಟಿ ಕಚ್ಚಿದೆ, ಆದರೂ ನಗು ಬಂತು. ಅವರು ನನ್ನ ಕಡೆ ನೋಡಿ, ತಮ್ಮ ಬಾಯಿಂದಲೂ ಗೆರೆಯಾಚೆಯವರ ಮಾತೇ ಬಂತೆಂದು ಹೊಳೆದು, ಪಂಚೆಯ ಧೂಳು ಕೊಡವಿಕೊಂಡು ಎದ್ದರು. ಎದ್ದವರು ತಾವೂ ನಗತೊಡಗಿದರು. ಅಷ್ಟು ವರ್ಷ ಅವರನ್ನು ನೋಡಿದ್ದರೂ, ಪಂದ್ಯ ನಡೆಯುತ್ತಿರುವಾಗ ಪಾಲಯ್ಯ ಮೇಷ್ಟ್ರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.